ಜಾರುವ ಆಸನ

ಆಲಪ್ಪುಳದ ಪುನ್ನಮಡ ಸರೋವರದಲ್ಲಿ ನಡೆಯುವ ವಳ್ಳಂಕಳಿಯನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಉದ್ದನೆಯ ಹಾವುದೋಣಿಗಳಲ್ಲಿ ಸಾಲಾಗಿ ಕುಳಿತವರು ಮುಂದಕ್ಕೆ ನೋಡುತ್ತಾ ಹುಟ್ಟು ಹಾಕುತ್ತಾರೆ. ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಎಂಬ ಇನ್ನೊಂದು ಬಗೆಯ ದೋಣಿ ಸ್ಪರ್ಧೆ ಇದೆ. ಅಲ್ಲಿ ಹುಟ್ಟು ಹಾಕುವವರು ದೋಣಿ ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕುಳಿತಿರುತ್ತಾರೆ. ಅವರು ಕುಳಿತ ಆಸನವೂ ಹಿಂದಕ್ಕೂ ಮುಂದಕ್ಕೂ ಜಾರುತ್ತಿರುತ್ತದೆ! ಇದೇಕೆ ಹೀಗೆ?

ಒಂದು ಪ್ರಯೋಗ ಮಾಡಿ. ನುಣುಪಾದ ನೆಲದಲ್ಲಿ ಗೋಡೆಯ ಹತ್ತಿರ ಕುಳಿತುಕೊಳ್ಳಿ. ಮೊಣಕಾಲು ಮಡಚಿ ಪಾದಗಳಿಂದ ಗೋಡೆಯನ್ನು ತಳ್ಳಿ. ನೀವು ಹಿಂದಕ್ಕೆ ಜಾರುತ್ತೀರಲ್ಲವೇ? ನಮ್ಮ ಕಾಲಿನ ಸ್ನಾಯುಗಳು ತೋಳಿನ ಸ್ನಾಯುಗಳಿಗಿಂತ ದೊಡ್ಡವು, ಬಲಶಾಲಿಯಾದವು. ಈ ಬಲವನ್ನು ಹುಟ್ಟಿಗೆ ಕೊಡಬೇಕಾದರೆ ಕುಳಿತವರು ಜಾರುವಂತಿರಬೇಕು.

ಹಿಂದಿನ ಕಾಲದಲ್ಲಿ ಕೆಲವರು ನಯವಾದ ಹಲಗೆಯ ಮೇಲೆ ಜಿಡ್ಡು ಹಚ್ಚಿಕೊಂಡು ಜಾರುತ್ತಿದ್ದರು. ಬಳಿಕ ಜಾರುವ ಆಸನ ಬಂದಿತು. 1873ರಲ್ಲಿ ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ನಡೆದ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಸ್ಪರ್ಧೆಯಲ್ಲಿ ಎರಡೂ ತಂಡಗಳು ಅದನ್ನು ಬಳಸಿದವು. ಈಗಿನ ಆಸನದ ಅಡಿಯಲ್ಲಿ ಪುಟ್ಟ ಚಕ್ರಗಳಿರುತ್ತವೆ. ಅವು ರೈಲಿನಂತೆ ಎರಡು ಹಳಿಗಳ ಮೇಲೆ ಓಡುತ್ತವೆ. ಕಾಲು ತಳ್ಳುತ್ತದೆ, ಬೆನ್ನು ಹಿಂದಕ್ಕೆ ವಾಲುತ್ತದೆ, ಕೊನೆಗೆ ತೋಳು ಎಳೆಯುತ್ತದೆ. ದೋಣಿ ಮುನ್ನುಗ್ಗುತ್ತದೆ.

2010ರಲ್ಲಿ ಚೀನಾದ ಗುವಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಬಜರಂಗ್ ಲಾಲ್ ತಾಖರ್ ಇಂತಹ ದೋಣಿಯನ್ನು ಒಬ್ಬರೇ ನಡೆಸಿ ಚಿನ್ನದ ಪದಕ ಗೆದ್ದರು.

ಆದರೆ ಎಲ್ಲರ ದೇಹವೂ ಒಂದೇ ಅಳತೆಯದಲ್ಲ. ಒಬ್ಬರ ಕಾಲು ಉದ್ದ, ಇನ್ನೊಬ್ಬರದು ಗಿಡ್ಡ. ಆದುದರಿಂದ ಪಾದವಿಡುವ ಹಲಗೆಯನ್ನು ಹಿಂದೆ ಮುಂದೆ ಸರಿಸಲು ಬರುತ್ತದೆ. ಹುಟ್ಟನ್ನು ಸಿಕ್ಕಿಸುವ ಕೊಂಡಿಯನ್ನು ಮೇಲೆ ಕೆಳಗೆ ಮಾಡಬಹುದು. ಅದು ತೀರ ಕೆಳಗಿದ್ದರೆ ಹುಟ್ಟಿನ ಹಿಡಿ ತೊಡೆಗೆ ತಾಗುತ್ತದೆ. ತೀರ ಮೇಲಿದ್ದರೆ ಭುಜ ನೋಯುತ್ತದೆ. ಹಿಡಿ ದಪ್ಪವಾದರೆ ಬೆರಳುಗಳು ಬೇಗನೆ ದಣಿಯುತ್ತವೆ.

ಪಾದದ ಹಲಗೆಯಲ್ಲಿ ಬೂಟುಗಳನ್ನೇ ಜೋಡಿಸಿರುತ್ತಾರೆ. ದೋಣಿ ಮಗುಚಿದರೆ ಏನು ಗತಿ? ಅದಕ್ಕೂ ಉಪಾಯವಿದೆ. ಬೂಟಿನ ಹಿಮ್ಮಡಿಯನ್ನು ಗಿಡ್ಡ ದಾರದಿಂದ ಹಲಗೆಗೆ ಕಟ್ಟಿರುತ್ತಾರೆ. ಕಾಲನ್ನು ಎಳೆದಾಗ ಬೂಟು ಅಲ್ಲಿಯೇ ಉಳಿಯುತ್ತದೆ, ಪಾದ ಹೊರಗೆ ಬರುತ್ತದೆ. ಆದುದರಿಂದ ನೀರಿಗಿಳಿಯುವ ಮೊದಲು ಈ ದಾರವನ್ನು ತಪ್ಪದೆ ಪರೀಕ್ಷಿಸಬೇಕು. ಒಂದು ಗಿಡ್ಡ ದಾರ ಪ್ರಾಣವನ್ನೇ ಉಳಿಸಬಲ್ಲದು!

ಸಾಧನಕ್ಕೆ ತಕ್ಕಂತೆ ದೇಹವನ್ನು ಬಗ್ಗಿಸುವುದಲ್ಲ, ದೇಹಕ್ಕೆ ತಕ್ಕಂತೆ ಸಾಧನವನ್ನು ಮಾಡಬೇಕು. ಆಗ ನೋವು ಕಡಿಮೆ, ಕೆಲಸ ಹೆಚ್ಚು.

ಈಗ ನೀವು ಕುಳಿತಿರುವ ಬೆಂಚನ್ನು ನೋಡಿ. ನಿಮ್ಮ ಪಾದಗಳು ನೆಲವನ್ನು ಮುಟ್ಟುತ್ತವೆಯೇ? ಬರೆಯುವಾಗ ಬೆನ್ನು ಬಾಗುತ್ತದೆಯೇ? ನಿಮಗೆ ಹೊಂದುವಂತೆ ಅದರಲ್ಲಿ ಏನನ್ನು ಬದಲಾಯಿಸುವಿರಿ? ಗೆಳೆಯರೊಂದಿಗೆ ಚರ್ಚಿಸಿ.