23 ಕನಸುಗಳಲ್ಲಿ ಉಳಿದದ್ದು ನಾಲ್ಕು

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರದ ವಿಜ್ಞಾನ ಉಪನ್ಯಾಸ ಕೇಳಿಕೊಂಡು ಗಾಂಧಿ ಬಜಾರಿನ ಕಡೆ ನಡೆಯುವಾಗ ನನ್ನ ಬ್ಯಾಗಿನಲ್ಲಿ ಒಂದು ಪಟ್ಟಿ ಇತ್ತು. ಅದರಲ್ಲಿ 23 ಅಂಶಗಳು. ಮೊಬೈಲ್ ಆ್ಯಪ್, ರಸಪ್ರಶ್ನೆ, ವಿಡಿಯೊ ಚಾನೆಲ್, ಕೇಳಿದ್ದಕ್ಕೆಲ್ಲ ತಾನೇ ಉತ್ತರಿಸುವ ಚಾಟ್‌ಬಾಟ್... ಹೋಟೆಲಿನಲ್ಲಿ ಕಾಫಿ ಬರುವ ಮೊದಲೇ ಅದನ್ನು ಮೇಷ್ಟ್ರ ಮುಂದೆ ಹರಡಿದೆ. ಪೂರ್ತಿ ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನೆಲ್ಲ ಯಾರಮ್ಮ ಮಾಡೋರು?’

ಮೇಷ್ಟ್ರು ನಿವೃತ್ತ ಭೌತವಿಜ್ಞಾನ ಉಪನ್ಯಾಸಕರು. ಹದಿನೈದು ವರ್ಷಗಳ ಹಿಂದೆ ಕನ್ನಡದಲ್ಲಿ ಒಂದು ವಿಜ್ಞಾನ ಜಾಲತಾಣ ಶುರು ಮಾಡಿ, ಒಬ್ಬರೇ ಕೂತು 300ಕ್ಕೂ ಹೆಚ್ಚು ಲೇಖನ ಬರೆದವರು. ಈಗ ಕಣ್ಣು ಸಹಕರಿಸುತ್ತಿಲ್ಲ. ಹಾಗಾಗಿ ಅದನ್ನು ನಾಲ್ವರು ಹಳೇ ವಿದ್ಯಾರ್ಥಿಗಳ ಕೈಗೆ ಕೊಟ್ಟಿದ್ದರು. ‘ಡೊಮೈನ್ ನವೀಕರಣಕ್ಕೆ ಇನ್ನೂ ಹತ್ತು ತಿಂಗಳಿದೆ. ಅಷ್ಟರಲ್ಲಿ ಮಕ್ಕಳಿಗೆ ಉಪಯೋಗವಾಗೋ ಹಾಗೆ ಮಾಡಿ. ಆಗದಿದ್ರೆ ಮುಚ್ಚಿಬಿಡೋಣ’ ಎಂದಿದ್ದರು.

ಮುಚ್ಚುವ ಮಾತು ನನಗೆ ಚುಚ್ಚಿತ್ತು. ಅದಕ್ಕೆ ಕಾರಣವಿದೆ. ನಾನು ಎಸ್‌ಎಸ್‌ಎಲ್‌ಸಿವರೆಗೆ ಓದಿದ್ದು ಶಿರಾ ತಾಲ್ಲೂಕಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಪಿಯುಸಿ ವಿಜ್ಞಾನಕ್ಕೆಂದು ಬೆಂಗಳೂರಿಗೆ ಬಂದು ಚಾಮರಾಜಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದೆ. ಮೊದಲ ವಾರವೇ ತರಗತಿಯಲ್ಲಿ ‘ಆಕ್ಸಲರೇಷನ್’, ‘ಮೊಮೆಂಟಮ್’ ಎಂಬ ಪದಗಳು ಕಿವಿಯ ಮೇಲೆ ಬಿದ್ದವು. ನನಗೆ ಗೊತ್ತಿದ್ದದ್ದು ವೇಗೋತ್ಕರ್ಷ, ಸಂವೇಗ. ಗೊತ್ತಿರುವ ಪಾಠವೇ ಗೊತ್ತಿಲ್ಲದಂತೆ ಕೂತಿದ್ದೆ. ಮೊದಲ ಕಿರುಪರೀಕ್ಷೆಯಲ್ಲಿ ಬಂದದ್ದು 35ಕ್ಕೆ 9. ಚಲನೆಯ ನಿಯಮಗಳನ್ನು ರಾತ್ರಿ ಮತ್ತೆ ಕನ್ನಡದಲ್ಲಿ ಓದಿ, ಬೆಳಿಗ್ಗೆ ಇಂಗ್ಲಿಷಿಗೆ ಹೊಂದಿಸಿಕೊಳ್ಳುತ್ತಿದ್ದದ್ದು ಇದೇ ಜಾಲತಾಣದಲ್ಲಿ.

ಅಕ್ಕಾ, ಇದು ಯಾವ ಭಾಷೆ?

‘ಪಟ್ಟಿ ಆಮೇಲೆ ಮಾಡಿ. ಮೊದಲು ಓದೋರು ಏನು ಮಾಡ್ತಾರೆ ನೋಡ್ಕೊಂಡು ಬನ್ನಿ’ ಎಂದರು ಮೇಷ್ಟ್ರು. ಮುಂದಿನ ಭಾನುವಾರ ಮಲ್ಲೇಶ್ವರದ ಒಂದು ಹಾಸ್ಟೆಲ್‌ಗೆ ಹೋದೆವು. ಗೆಳತಿಯ ತಂಗಿ ಅಲ್ಲಿದ್ದಳು. ಪಿಯುಸಿ ಓದುವ ಆರು ಹುಡುಗಿಯರಿಗೆ, ‘ನಿಮ್ಮ ಫೋನಿನಲ್ಲೇ ನಮ್ಮ ತಾಣ ತೆರೆದು ದ್ಯುತಿಸಂಶ್ಲೇಷಣೆಯ ಲೇಖನ ಹುಡುಕಿ’ ಎಂದು ಹೇಳಿ ಸುಮ್ಮನೆ ನೋಡುತ್ತಾ ಕೂತೆವು.

ಆರರಲ್ಲಿ ಐವರು ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರು, ಐವರದೂ ಐದು ಬಗೆಯ ಸ್ಪೆಲಿಂಗ್. ನಮ್ಮ ಹುಡುಕಾಟದ ಪೆಟ್ಟಿಗೆ ಎಲ್ಲರಿಗೂ ‘ಏನೂ ಸಿಗಲಿಲ್ಲ’ ಎಂದಿತು. ಕನ್ನಡದಲ್ಲೇ ಟೈಪ್ ಮಾಡಿದವಳಿಗೂ ಅದೇ ಉತ್ತರ. ಕೊನೆಗೆ ನಾನೇ ಕೊಂಡಿ ಕೊಟ್ಟೆ. ಪುಟ ತೆರೆಯಿತು. ತೆರೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಒಬ್ಬಳು ಸಂಕೋಚದಿಂದಲೇ ಕೇಳಿದಳು: ‘ಅಕ್ಕಾ, ಇದು ಯಾವ ಭಾಷೆ?’

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾವು ಕಲಿತದ್ದು ಬಹಳ. ಹಳೆಯ ಲೇಖನಗಳು ಯೂನಿಕೋಡ್‌ಗೆ ಮೊದಲಿನ ಪದ್ಧತಿಯ ಫಾಂಟ್‌ಗಳಲ್ಲಿದ್ದವು. ಅಂಥ ಕಡತದಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳನ್ನೇ. ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚಿ ಬೀಳುತ್ತದೆ. ಗೂಗಲ್‌ಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. ಅಂದರೆ ಮೇಷ್ಟ್ರ 300 ಲೇಖನಗಳಲ್ಲಿ ಹೆಚ್ಚಿನವು ಇದ್ದೂ ಇಲ್ಲದಂತಿದ್ದವು. ನಾನು ಪಿಯುಸಿಯಲ್ಲಿ ಓದಿದ್ದು ಚಿಕ್ಕಪ್ಪನ ಹಳೇ ಕಂಪ್ಯೂಟರ್‌ನಲ್ಲಿ. ಅದರಲ್ಲಿ ಆ ಫಾಂಟ್ ಇದ್ದದ್ದರಿಂದ ಈ ಕಷ್ಟ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಪರಿವರ್ತಿಸುವ ತಂತ್ರಾಂಶ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಯೂನಿಕೋಡ್ ಮಾಡಿಕೊಟ್ಟಿತು. ಗೆದ್ದೆವು ಎಂದುಕೊಂಡೆವು. ಬೆಳಿಗ್ಗೆ ನೋಡಿದರೆ ‘ಸೂರ್ಯ’, ‘ಪರ್ಯಾಯ’ದಂಥ ಪದಗಳಲ್ಲಿ ಅರ್ಕಾವತ್ತು ತಪ್ಪು ಜಾಗಕ್ಕೆ ಹಾರಿತ್ತು. ಅದಕ್ಕಿಂತ ದೊಡ್ಡ ಅನಾಹುತ ರಸಾಯನ ವಿಜ್ಞಾನದಲ್ಲಿ. ಲೇಖನದ ನಡುವೆ ಇಂಗ್ಲಿಷಿನಲ್ಲಿದ್ದ ಸೂತ್ರಗಳನ್ನೂ ತಂತ್ರಾಂಶ ಕನ್ನಡವೆಂದೇ ತಿಳಿದು ಪರಿವರ್ತಿಸಿತ್ತು. ಗಂಧಕಾಮ್ಲದ ಸೂತ್ರವಿದ್ದ ಕಡೆ ನಾಲ್ಕು ಕನ್ನಡ ಅಕ್ಷರಗಳು ಅರ್ಥವಿಲ್ಲದೆ ಕೂತಿದ್ದವು. ಅವನ್ನು ಮನುಷ್ಯರೇ ಕೂತು ತಿದ್ದಬೇಕು, ಬೇರೆ ದಾರಿಯಿಲ್ಲ.

ಅನಿಮೇಷನ್‌ಗಳ ಕತೆಯೂ ಅಷ್ಟೆ. ಅವೆಲ್ಲ ಫ್ಲ್ಯಾಶ್‌ನಲ್ಲಿದ್ದವು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದ ಮೇಲೆ ಲೋಲಕ ಆಡುತ್ತಿದ್ದ ಜಾಗದಲ್ಲಿ ಬೂದು ಚೌಕ ಉಳಿದಿತ್ತು. ಹೊಸದಾಗಿ ಮಾಡುವ ಶಕ್ತಿ ನಮಗಿಲ್ಲ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಉಚಿತ ಪ್ರಯೋಗಗಳಿಗೆ ಕೊಂಡಿ ಕೊಟ್ಟು ಆ ಆಸೆ ಬಿಟ್ಟೆವು.

ನೂರು ವರ್ಷದ ಹಿಂದಿನ ಪಾಠ

ಪಟ್ಟಿಯನ್ನು ಕತ್ತರಿಸಲು ನಾನು ಸುಲಭವಾಗಿ ಒಪ್ಪಲಿಲ್ಲ. ಆಗ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರು ಎತ್ತಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಕನ್ನಡದಲ್ಲಿ ವಿಜ್ಞಾನಕ್ಕೆ ಪದಗಳೇ ಸರಿಯಾಗಿ ಇಲ್ಲದ ಕಾಲ ಅದು. ಪತ್ರಿಕೆ ನಡೆದದ್ದು ಎರಡೇ ವರ್ಷ. ‘ನಿಂತುಹೋಯ್ತು ನಿಜ. ಆದರೆ ವಿಜ್ಞಾನವನ್ನ ಕನ್ನಡದಲ್ಲಿ ಬರೀಬಹುದು ಅಂತ ತೋರಿಸ್ತಲ್ಲ? ಎಷ್ಟು ಮಾಡ್ತೀರಿ ಅನ್ನೋದು ಆಮೇಲೆ. ಮುಂದಿನೋರು ಹಿಡ್ಕೊಳ್ಳೋಕೆ ಏನಾದ್ರೂ ಬಿಡ್ತೀರಾ, ಅದು ಹೇಳಿ’ ಎಂದರು.

ಆ ಸಂಜೆ 23ರಲ್ಲಿ ನಾಲ್ಕು ಉಳಿದವು. ಒಂದು, ಎಲ್ಲ ಲೇಖನಗಳನ್ನೂ ಯೂನಿಕೋಡ್‌ಗೆ ತಂದು ಕೈಯಾರೆ ತಿದ್ದುವುದು. ಎರಡು, ಪ್ರತಿ ಲೇಖನದ ಕೊನೆಗೆ ಜೋಡಿಪದಗಳು: ಅಭಿಸರಣೆ ಎಂದರೆ ಆಸ್ಮಾಸಿಸ್, ಸ್ಥಾನಪಲ್ಲಟ ಎಂದರೆ ಡಿಸ್‌ಪ್ಲೇಸ್‌ಮೆಂಟ್. ಮೂರು, ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದರೂ ಕನ್ನಡ ಲೇಖನ ಸಿಗುವಂಥ ಹುಡುಕಾಟ. ನಾಲ್ಕು, ಕಡೆಯ ಬಾರಿ ಪರಿಶೀಲಿಸಿದ ದಿನಾಂಕ.

ನಾಲ್ಕನೆಯದು ಸಣ್ಣದೆನಿಸಬಹುದು. ಆದರೆ ನಮ್ಮ ಒಂದು ಹಳೇ ಲೇಖನದಲ್ಲಿ ಕಿಲೋಗ್ರಾಂ ಎಂದರೆ ಇನ್ನೂ ಪ್ಯಾರಿಸ್ ಬಳಿ ಇಟ್ಟಿರುವ ಲೋಹದ ತುಂಡೇ ಆಗಿತ್ತು. 2019ರ ಮೇ 20ರಿಂದ ಅದನ್ನು ಪ್ಲಾಂಕ್ ಸ್ಥಿರಾಂಕದ ಮೂಲಕ ವ್ಯಾಖ್ಯಾನಿಸಲಾಗುತ್ತಿದೆ. ಶನಿಯ ಉಪಗ್ರಹಗಳ ಸಂಖ್ಯೆ 2025ರ ಮಾರ್ಚ್‌ನಲ್ಲಿ 274ಕ್ಕೆ ಏರಿತು. ದಿನಾಂಕವಿಲ್ಲದ ವಿಜ್ಞಾನ ಲೇಖನವನ್ನು ನಂಬಿ ಓದಿದ ಹುಡುಗಿ ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡರೆ ಹೊಣೆ ಯಾರದು?

ಪುಣೆಗೆ ಹೋದ ಪಾಸ್‌ವರ್ಡ್

ನಡುವೆ ಒಂದು ಎಡವಟ್ಟೂ ಆಯಿತು. ನಮ್ಮ ತಂಡದ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಖುಷಿಯಿಂದ ಬೀಳ್ಕೊಟ್ಟೆವು. ಅವನು ರೈಲು ಹತ್ತಿದ ಮೇಲೆ ಗೊತ್ತಾಯಿತು, ತಾಣದ ಪಾಸ್‌ವರ್ಡ್ ಅವನೊಬ್ಬನ ಇಮೇಲ್‌ನಲ್ಲೇ ಇದೆ. ಹೊಸ ಕೆಲಸದ ಗಡಿಬಿಡಿಯಲ್ಲಿ ಅವನು ಸಿಗದೆ ಎರಡು ವಾರ ಒಂದಕ್ಷರವನ್ನೂ ತಿದ್ದಲಾಗಲಿಲ್ಲ. ಅವನ ತಪ್ಪಲ್ಲ, ಕೇಳಿ ಬರೆದಿಟ್ಟುಕೊಳ್ಳದ ನಮ್ಮದು. ಈಗ ಏನು ಎಲ್ಲಿದೆ, ಯಾವುದನ್ನು ಹೇಗೆ ಮಾಡಬೇಕು ಎಂದು ಬರೆದ ಒಂದು ನೋಟ್‌ಬುಕ್ ಮೇಷ್ಟ್ರ ಮನೆಯ ಬೀರುವಿನಲ್ಲಿದೆ. ನಾಳೆ ನನಗೂ ಎಲ್ಲೋ ಕೆಲಸ ಸಿಗಬಹುದು. ನಾನು ಹೋದರೂ ಕೆಲಸ ನಿಲ್ಲಬಾರದು.

ಕೆಲಸದ ಮಾತು ಬಂದದ್ದಕ್ಕೆ ಹೇಳುತ್ತೇನೆ. ‘ಸಂಬಳವಿಲ್ಲದ ಈ ಕೆಲಸ ಎಷ್ಟು ದಿನಾಮ್ಮ?’ ಎಂದು ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಕಳೆದ ತಿಂಗಳ ಸಂದರ್ಶನದಲ್ಲಿ ‘ಪ್ರಾಜೆಕ್ಟ್ ಏನು ಮಾಡಿದ್ದೀರಿ’ ಎಂದಾಗ ನಾನು ಡಿಗ್ರಿಯ ಪ್ರಾಜೆಕ್ಟ್ ಬಿಟ್ಟು ಗಂಧಕಾಮ್ಲದ ಕತೆ ಹೇಳಿದೆ. ಇಪ್ಪತ್ತು ನಿಮಿಷ ಅದರ ಮೇಲೆಯೇ ಮಾತು ನಡೆಯಿತು. ಕೆಲಸ ಸಿಗಲಿಲ್ಲ. ಆದರೆ ಸಂದರ್ಶನದಲ್ಲಿ ಕೈ ನಡುಗದೆ ಮಾತಾಡಿದ್ದು ಅದೇ ಮೊದಲು.

ಇಲ್ಲಿಯವರೆಗೆ 86 ಲೇಖನಗಳು ಸರಿಯಾಗಿವೆ. ನವೀಕರಣಕ್ಕೆ ಉಳಿದಿರುವುದು ಮೂರು ತಿಂಗಳು. ಎಲ್ಲವೂ ಮುಗಿಯುವುದಿಲ್ಲ ಎಂದು ಗೊತ್ತು. ಆದರೂ ಹೋದ ವಾರ ಮತ್ತೆ ಮಲ್ಲೇಶ್ವರಕ್ಕೆ ಹೋಗಿದ್ದೆವು. ಅದೇ ಹುಡುಗಿ ತನ್ನದೇ ಸ್ಪೆಲಿಂಗ್‌ನಲ್ಲಿ ದ್ಯುತಿಸಂಶ್ಲೇಷಣೆ ಹುಡುಕಿದಳು, ಸಿಕ್ಕಿತು. ಓದುತ್ತಾ ಕೊನೆಯ ಜೋಡಿಪದದವರೆಗೆ ಹೋಗಿ, ‘ಅಯ್ಯೋ, ಇದು ನಂಗೆ ಗೊತ್ತಿರೋದೇ ಅಲ್ವಾ!’ ಎಂದಳು.

ಆ ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿ ವಿಷಯ ಹೇಳಿದೆ. ‘ಡೊಮೈನ್‌ಗೆ ಎಷ್ಟಾಗುತ್ತೆ ಕೇಳಿಡಮ್ಮ’ ಎಂದರು.