94.7ರಲ್ಲಿ ಕಂಟ್ರಿ ಹೋಗಿ ಹಿಪ್ ಹಾಪ್ ಬಂತು

2021ರ ಅಕ್ಟೋಬರ್‌ನಲ್ಲಿ ಒಂದು ದಿನ ನ್ಯೂಯಾರ್ಕ್ ಸುತ್ತಮುತ್ತಲಿನವರು ರೇಡಿಯೊದ 94.7 ಎಫ್‌ಎಂ ಹಾಕಿದಾಗ ಎಂದಿನ ಗಿಟಾರು, ಪಿಟೀಲುಗಳ ದನಿ ಕೇಳಿಸಲಿಲ್ಲ. ಎಂಟು ವರ್ಷಗಳಿಂದ ಕಂಟ್ರಿ ಹಾಡುಗಳನ್ನು ಬಿತ್ತರಿಸುತ್ತಿದ್ದ ಕೇಂದ್ರ ‘ದಿ ಬ್ಲಾಕ್’ ಎಂದು ಹೆಸರು ಬದಲಿಸಿಕೊಂಡು ಹಳೆಯ ಹಿಪ್ ಹಾಪ್ ಮತ್ತು ಆರ್ ಅಂಡ್ ಬಿ ಹಾಡುಗಳಿಗೆ ತಿರುಗಿತ್ತು. ಕಂಟ್ರಿಗೆ ಆ ನಗರದಲ್ಲಿ ನೆಲೆ ತಪ್ಪಿದ್ದು ಅದೇ ಮೊದಲಲ್ಲ. 1996ರಲ್ಲೂ ನ್ಯೂಯಾರ್ಕ್ ತನ್ನ ಕಂಟ್ರಿ ಎಫ್‌ಎಂ ಕೇಂದ್ರವನ್ನು ಕಳೆದುಕೊಂಡಿತ್ತು. ಆದರೆ ಇಡೀ ಅಮೆರಿಕದಲ್ಲಿ ಕಂಟ್ರಿ ಹಾಡುಗಳನ್ನು ಬಿತ್ತರಿಸುವ ಕೇಂದ್ರಗಳು ಎರಡು ಸಾವಿರಕ್ಕೂ ಹೆಚ್ಚು. ಅಷ್ಟು ಕೇಂದ್ರಗಳು ಬೇರೆ ಯಾವ ಬಗೆಯ ಸಂಗೀತಕ್ಕೂ ಇಲ್ಲ.

ಕಂಟ್ರಿ ಎಂದರೆ ಹಳ್ಳಿಗಾಡಿನ ಬಿಳಿಯರದು, ಹಿಪ್ ಹಾಪ್ ಎಂದರೆ ನಗರದ ಕಪ್ಪು ಜನರದು ಎಂಬ ಮಾತು ಚಾಲ್ತಿಯಲ್ಲಿದೆ. ಆದರೆ ರೇಡಿಯೊದ ಚರಿತ್ರೆಯನ್ನು ಕೆದಕಿದರೆ ಈ ಗೋಡೆ ಕಟ್ಟಿದವರು ಕೇಳುಗರಲ್ಲ, ಹಾಡು ಮಾರುವವರು ಎಂಬುದು ಗೊತ್ತಾಗುತ್ತದೆ. 1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಅಮೆರಿಕದ ದಕ್ಷಿಣ ರಾಜ್ಯಗಳ ಸಂಗೀತವನ್ನು ಎರಡು ಪಟ್ಟಿಗಳಾಗಿ ಒಡೆದವು: ಕಪ್ಪು ಜನರಿಗೆ ಮಾರುವ ತಟ್ಟೆಗಳು ಒಂದು ಕಡೆ, ಬಿಳಿಯರಿಗೆ ಮಾರುವವು ಇನ್ನೊಂದು ಕಡೆ. ಒಂದೇ ಊರಿನಲ್ಲಿ, ಒಂದೇ ಬಗೆಯ ವಾದ್ಯ ಹಿಡಿದು ನುಡಿಸುತ್ತಿದ್ದವರು ಹೀಗೆ ಬೇರೆಬೇರೆ ಕಪಾಟು ಸೇರಿದರು.

ರೇಡಿಯೊ ಆ ಕಪಾಟುಗಳನ್ನೇ ನೆಚ್ಚಿಕೊಂಡಿತು. 1925ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್‌ನ ಒಂದು ವಿಮಾ ಕಂಪನಿ ಡಬ್ಲ್ಯುಎಸ್‌ಎಂ ಎಂಬ ಕೇಂದ್ರವನ್ನು ಆರಂಭಿಸಿತು. ಮುಂದಿನ ತಿಂಗಳ 28ರಂದು 77 ವರ್ಷದ ಜಿಮ್ಮಿ ಥಾಮ್ಸನ್ ಅಲ್ಲಿ ಪಿಟೀಲು ನುಡಿಸಿದರು. ಆ ಕಾರ್ಯಕ್ರಮವೇ ‘ಗ್ರ್ಯಾಂಡ್ ಓಲ್ ಆಪ್ರಿ’ ಆಗಿ ಬೆಳೆಯಿತು. ನೂರು ವರ್ಷ ತುಂಬಿದ ಮೇಲೂ ನಡೆಯುತ್ತಿದೆ. 1932ರಲ್ಲಿ ಕೇಂದ್ರದ ಶಕ್ತಿ 50,000 ವಾಟ್‌ಗೆ ಏರಿದ ಮೇಲೆ ರಾತ್ರಿ ಹೊತ್ತು ಅದರ ದನಿ ಎಷ್ಟೋ ರಾಜ್ಯಗಳನ್ನು ದಾಟುತ್ತಿತ್ತು. ದೂರದ ತೋಟದ ಮನೆಗಳಲ್ಲೂ ಜನ ಶನಿವಾರದ ಆ ಕಾರ್ಯಕ್ರಮಕ್ಕೆ ಕಾಯತೊಡಗಿದರು.

ಆಪ್ರಿಯ ಮೊದಲ ವರ್ಷಗಳ ದೊಡ್ಡ ತಾರೆಗಳಲ್ಲಿ ಒಬ್ಬರು ಡಿಫೋರ್ಡ್ ಬೇಲಿ, ಕಪ್ಪು ಕಲಾವಿದ. ಅಂಗೈಯಲ್ಲಿ ಹಿಡಿಸುವ ಮೌತ್ ಆರ್ಗನ್ ಬಾಯಿಗಿಟ್ಟು ಅವರು ಊದಿದರೆ ರೈಲು ನಿಲ್ದಾಣ ಬಿಟ್ಟು ಏದುಸಿರು ಬಿಡುತ್ತ ವೇಗ ಹಿಡಿಯುವುದು, ಸೀಟಿ ಹಾಕಿ ದೂರವಾಗುವುದು, ಎಲ್ಲವೂ ಕಿವಿಗೆ ಕಟ್ಟಿದಂತಿರುತ್ತಿತ್ತು. ರೇಡಿಯೊದಲ್ಲಿ ಮೈಬಣ್ಣ ಕಾಣುವುದಿಲ್ಲವಲ್ಲ! ಆದರೆ ತಂಡದೊಂದಿಗೆ ಊರೂರು ತಿರುಗುವಾಗ ಇತರರು ತಂಗುವ ಹೋಟೆಲುಗಳಲ್ಲಿ ಅವರಿಗೆ ಜಾಗ ಸಿಗುತ್ತಿರಲಿಲ್ಲ. 1941ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಮುಂದೆ ಬೂಟ್ ಪಾಲಿಶ್ ಅಂಗಡಿಯೇ ಅವರ ಜೀವನಕ್ಕೆ ಆಸರೆಯಾಯಿತು. ಕಂಟ್ರಿಯ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಕೊಂಡು ಎರಡು ದಶಕ ಕಳೆದ ಮೇಲೆ. ಕಂಟ್ರಿಯ ಕತೆ ಹೇಳುವವರು ಈ ಅಧ್ಯಾಯವನ್ನು ಹಾರಿಸಿಬಿಡಬಾರದು.

ಹಿಪ್ ಹಾಪ್ ರೇಡಿಯೊದಿಂದ ಹುಟ್ಟಿದ್ದಲ್ಲ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂದ ಕಟ್ಟಡವೊಂದರಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು ಅದರ ಜನ್ಮದಿನವೆಂದು ಆಚರಿಸುತ್ತಾರೆ. ಆಮೇಲೂ ಬಹುಕಾಲ ಅದು ಕ್ಯಾಸೆಟ್ಟು, ಬೀದಿ, ನೆಲಮಾಳಿಗೆಗಳಲ್ಲೇ ಬೆಳೆಯಿತು. ಜಾಹೀರಾತುದಾರರ ಭಯಕ್ಕೆ ಕಪ್ಪು ಜನರಿಗಾಗಿಯೇ ಇದ್ದ ಕೇಂದ್ರಗಳು ಕೂಡ ಹಗಲು ಹೊತ್ತು ರ‍್ಯಾಪ್ ಹಾಕಲು ಹಿಂಜರಿಯುತ್ತಿದ್ದವು. ಆ ಹಿಂಜರಿಕೆ ಮುರಿದದ್ದು ಲಾಸ್ ಏಂಜಲೀಸ್‌ನ ಕೆಡೇ ಎಂಬ ಕೇಂದ್ರ. ಗ್ರೆಗ್ ಮ್ಯಾಕ್ 1983ರಲ್ಲಿ ಅಲ್ಲಿನ ಸಂಗೀತದ ಹೊಣೆ ಹೊತ್ತರು. ಮುಂದೆ ಜಗತ್ತೇ ತಲೆದೂಗಿದ ಡಾಕ್ಟರ್ ಡ್ರೇ ಆಗಿನ್ನೂ ಹುಡುಗ. ಕೇಂದ್ರಕ್ಕೆ ಹಾಡುಗಳ ಮಿಶ್ರಣ ಮಾಡಿಕೊಡುತ್ತಿದ್ದ. 1991ರಲ್ಲಿ ಕೇಂದ್ರ ಕೈಬದಲಾಗಿ, ಹಾಡು ನಿಂತು ವ್ಯಾಪಾರ ಸುದ್ದಿ ಶುರುವಾಯಿತು. ಕೇಳುಗರನ್ನು ಯಾರೂ ಕೇಳಲಿಲ್ಲ.

ಬೇರೆ ದೇಶಗಳಲ್ಲೂ ಜನರ ಅಭಿರುಚಿಯಷ್ಟೇ ಕಾನೂನು, ಮಾರುಕಟ್ಟೆಗಳೂ ಕೆಲಸ ಮಾಡಿವೆ. ಖಾಸಗಿ ಕೇಂದ್ರಗಳು ಬಿತ್ತರಿಸುವ ಹಾಡುಗಳಲ್ಲಿ ಶೇ 40ರಷ್ಟು ಫ್ರೆಂಚ್ ಭಾಷೆಯವಿರಬೇಕು ಎಂಬ ನಿಯಮ ಫ್ರಾನ್ಸ್‌ನಲ್ಲಿ 1996ರಲ್ಲಿ ಜಾರಿಗೆ ಬಂತು. ಆಗ ಸ್ಕೈರಾಕ್ ಎಂಬ ಕೇಂದ್ರ ಫ್ರೆಂಚ್ ರ‍್ಯಾಪ್ ಕಡೆಗೆ ವಾಲಿತು. ಮಾತೃಭಾಷೆಯನ್ನು ಕಾಯಲೆಂದು ಬಂದ ಕಾನೂನು ವಲಸಿಗರ ಮಕ್ಕಳ ದನಿಗೆ ಮೈಕು ಕೊಟ್ಟಿತು. ಎಫ್‌ಎಂನಲ್ಲಿ ಕನ್ನಡ ಹಾಡಿಗೆ ಎಷ್ಟು ಪಾಲು ಎಂದು ಜಗಳವಾಡುವ ನಮಗೆ ಇದು ಗಮನಿಸಬೇಕಾದ ಸಂಗತಿ. ಬ್ರಿಟನ್ನಿನ ಬಿಬಿಸಿ 2002ರಲ್ಲಿ ಕಪ್ಪು ಜನರ ಸಂಗೀತಕ್ಕಾಗಿ 1ಎಕ್ಸ್‌ಟ್ರಾ ಎಂಬ ಪ್ರತ್ಯೇಕ ವಾಹಿನಿಯನ್ನೇ ತೆರೆಯಿತು.

ಹೊರದೇಶಗಳಲ್ಲಿ ಕಂಟ್ರಿಯ ಪಯಣ ಸದ್ದಿಲ್ಲದ್ದು. ಕಂಟ್ರಿ ಗಾಯಕ ಜಿಮ್ ರೀವ್ಸ್ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು 1964ರಲ್ಲಿ. ಕೀನ್ಯಾ, ದಕ್ಷಿಣ ಆಫ್ರಿಕಾ, ಶ್ರೀಲಂಕಾ, ಭಾರತದ ಕೇಳುಗರು ಆಮೇಲೂ ದಶಕಗಳ ಕಾಲ ಅವರನ್ನು ಬಿಡಲಿಲ್ಲ. ಆಸ್ಟ್ರೇಲಿಯಾದ ಟ್ಯಾಮ್‌ವರ್ತ್‌ನಲ್ಲಿ 1973ರಿಂದ ಕಂಟ್ರಿ ಉತ್ಸವವೇ ನಡೆಯುತ್ತಿದೆ.

ಮೊಬೈಲು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. 2017ರಲ್ಲಿ ಹಿಪ್ ಹಾಪ್ ಮತ್ತು ಆರ್ ಅಂಡ್ ಬಿ ರಾಕ್ ಸಂಗೀತವನ್ನು ಹಿಂದಿಕ್ಕಿ ಅಮೆರಿಕದಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಂಗೀತವಾಯಿತು. ಅದನ್ನು ಮೇಲೆತ್ತಿದ್ದು ಮುಖ್ಯವಾಗಿ ಸ್ಟ್ರೀಮಿಂಗ್. ಬೆಂಗಳೂರಿನಲ್ಲಿ ಬೆಳಕಿಗೆ ಬಂದ ರ‍್ಯಾಪ್ ಗಾಯಕ ಹನುಮಾನ್‌ಕೈಂಡ್ 2024ರಲ್ಲಿ ‘ಬಿಗ್ ಡಾಗ್ಸ್’ ಹಾಡಿ ಬಿಲ್‌ಬೋರ್ಡ್ ಪತ್ರಿಕೆಯ ಜಾಗತಿಕ ಜನಪ್ರಿಯ ಹಾಡುಗಳ ಪಟ್ಟಿಗೆ ಏರಿದ್ದೂ ಇದೇ ದಾರಿಯಲ್ಲಿ. ಕಂಟ್ರಿ ಮಾತ್ರ ಇನ್ನೂ ರೇಡಿಯೊವನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಹೊಸ ಗಾಯಕರನ್ನು ಕಂಪನಿಗಳು ಇಂದಿಗೂ ಕೇಂದ್ರದಿಂದ ಕೇಂದ್ರಕ್ಕೆ ಕರೆದೊಯ್ದು ಪರಿಚಯಿಸುತ್ತವೆ.

2019ರಲ್ಲಿ ಕಪ್ಪು ಗಾಯಕ ಲಿಲ್ ನಾಸ್ ಎಕ್ಸ್ ಹಾಡಿದ ‘ಓಲ್ಡ್ ಟೌನ್ ರೋಡ್’ ಅನ್ನು ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ಕೈಬಿಟ್ಟಿತು. ಅದೇ ಹಾಡು ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತು. ಐದು ವರ್ಷದ ಬಳಿಕ ನೈಜೀರಿಯ ಮೂಲದ ತಂದೆತಾಯಿಯ ಮಗ ಶಬೂಜಿ, 2004ರ ಹಿಪ್ ಹಾಪ್ ಹಾಡೊಂದರ ಎಳೆ ಹಿಡಿದು ಹೊಸೆದ ಹಾಡಿನಿಂದ ಆ ದಾಖಲೆಯನ್ನು ಸರಿಗಟ್ಟಿದರು. ಈ ಸಲ ಕಂಟ್ರಿ ಕೇಂದ್ರಗಳೂ ಅದನ್ನು ಮತ್ತೆ ಮತ್ತೆ ಹಾಕಿ ಮೊದಲ ಸ್ಥಾನಕ್ಕೇರಿಸಿದವು. ಕೇಳುಗರು ಎಂದೋ ದಾಟಿದ್ದ ಗಡಿಯನ್ನು ರೇಡಿಯೊ ತಡವಾಗಿಯಾದರೂ ದಾಟಿತು.

ಡಬ್ಲ್ಯುಎಸ್‌ಎಂ ಈಗ ಅಂತರ್ಜಾಲದಲ್ಲೂ ಸಿಗುತ್ತದೆ. ಆಪ್ರಿಯ ಶನಿವಾರದ ಪ್ರದರ್ಶನ ನ್ಯಾಶ್‌ವಿಲ್‌ನಲ್ಲಿ ಸಂಜೆ ಏಳಕ್ಕೆ. ನಮ್ಮಲ್ಲಿ ಆಗ ಭಾನುವಾರ ಬೆಳಗಿನ ಐದೂವರೆ, ಚಳಿಗಾಲದಲ್ಲಾದರೆ ಆರೂವರೆ. ಬೇಗ ಏಳುವ ಅಭ್ಯಾಸವಿರುವವರು ಒಮ್ಮೆ ಕೇಳಿ ನೋಡಬಹುದು.