ದಿವೇಘಾಟಿನ ಏರಿನಲ್ಲಿ ಬಿ.ಪಿ. ಗುಳಿಗೆ

ಪ್ರತಿವರ್ಷವೂ ಆಷಾಢಶುದ್ಧ ಏಕಾದಶಿಗೆ ಪಂಢರಪುರವನ್ನು ಮುಟ್ಟಬೇಕೆಂಬ ಸಂಕಲ್ಪದಿಂದ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹುವಿನಿಂದ ತುಕಾರಾಮರ ಪಾಲಖಿಯೂ ಹೊರಟು, ಪುಣೆಯ ಭವಾನಿಪೇಠ ನಾನಾಪೇಠಗಳ ವಿಠೋಬನ ಗುಡಿಗಳಲ್ಲಿ ತಂಗಿದ್ದು, ಬೆಳಗಿನ ಜಾವದಲ್ಲಿ ಮತ್ತೆ ದಾರಿಹಿಡಿಯುವಾಗ, ಆ ಜನಪ್ರವಾಹದಲ್ಲಿ ತಾಳ ಮೃದಂಗಗಳೊಡನೆ, ತಲೆಯ ಮೇಲೆ ಹೊತ್ತ ತುಳಸಿಯ ಕಟ್ಟೆಗಳೊಡನೆ, ಎಷ್ಟೋ ಜೋಳಿಗೆಗಳ ಮೂಲೆಯಲ್ಲಿ ಬಿ.ಪಿ. ಗುಳಿಗೆಯ ಶೀಟೂ ಹೊರಡುತ್ತದೆ. ವಾರಕರಿಗಳೆನಿಸುವ ಈ ಯಾತ್ರಿಕರಲ್ಲಿ ವೃದ್ಧರು ಕಡಿಮೆಯಿಲ್ಲ. ನಮ್ಮ ಗಡಿಸೀಮೆಯ ಕನ್ನಡಿಗರೂ ಕಡಿಮೆಯಿಲ್ಲ. ರಕ್ತದೊತ್ತಡದ ಔಷಧವನ್ನು ವಿವೇಕದಿಂದ ಸೇವಿಸುವುದೆಂದರೇನೆಂಬುದನ್ನು ವಿಚಾರಿಸುವುದಕ್ಕೆ ಇದಕ್ಕಿಂತ ಉಚಿತವಾದ ಸಂದರ್ಭ ನನಗೆ ತೋರದು. ಏಕೆಂದರೆ ಮನೆಯಲ್ಲಿ ವರ್ಷಗಟ್ಟಲೆ ನಿರುಪದ್ರವಿಯಾಗಿದ್ದ ಗುಳಿಗೆಯು ದಾರಿಯಲ್ಲಿ ಬೇರೆಯಾಗಿ ವರ್ತಿಸಬಲ್ಲುದು.

ಜ್ಞಾನೇಶ್ವರರ ಪಾಲಖಿಯು ಪುಣೆಯಿಂದ ಸಾಸವಡಕ್ಕೆ ಸಾಗುವ ದಿನದ ನಡಿಗೆ ಸುಮಾರು 30 ಕಿಲೋಮೀಟರು. ನಡುವೆ ದಿವೇಘಾಟಿನ ಏರು. ಮಳೆ ಬಾರದ ವರ್ಷ ಅಲ್ಲಿ ಬೆವರು ಧಾರೆಯಾಗಿ ಇಳಿಯುತ್ತದೆ. ಮೂತ್ರವನ್ನು ಹೆಚ್ಚಿಸಿ ದೇಹದ ಉಪ್ಪುನೀರನ್ನು ಹೊರಹಾಕುವ ಕ್ಲೋರ್‌ಥಾಲಿಡೋನಿನಂಥ ಗುಳಿಗೆಯನ್ನು ನುಂಗಿದವನಿಗೆ ಈ ಬೆವರು ಎರಡನೆಯ ಸೋರಿಕೆ. ಕುಳಿತವನು ಥಟ್ಟನೆ ಎದ್ದರೆ ಕಣ್ಣು ಕತ್ತಲಿಡುವುದು ಅದರ ಮೊದಲ ಸೂಚನೆ. ಜೊತೆಗೆ ಟೆಲ್ಮಿಸಾರ್ಟಾನನ್ನೂ ಸೇವಿಸುವವನಾದರೆ, ದೇಹದಲ್ಲಿ ನೀರು ಕುಗ್ಗಿದಾಗ ಮೂತ್ರಪಿಂಡವು ತನ್ನೊಳಗಿನ ಒತ್ತಡವನ್ನು ಕಾಪಾಡಿಕೊಳ್ಳಲು ಹೂಡುವ ಸ್ವಾಭಾವಿಕೋಪಾಯವನ್ನು ಆ ಔಷಧವು ತಡೆದಿರುತ್ತದೆ. ಇಷ್ಟರಲ್ಲಿ ಮೊಣಕಾಲು ನೋಯುತ್ತದೆ. ಪಕ್ಕದವರು ಉದಾರವಾಗಿ ಡೈಕ್ಲೋಫಿನಾಕಿನ ಒಂದು ಗುಳಿಗೆಯನ್ನು ಕೊಡುತ್ತಾರೆ. ನಮ್ಮ ಜನ ನೋವಿನ ಗುಳಿಗೆಯನ್ನು ಅಡಕೆ ಎಲೆಯಷ್ಟು ಸಲೀಸಾಗಿ ಹಂಚಿಕೊಳ್ಳುವವರು. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮೊದಲಾದವು ರಕ್ತದೊತ್ತಡವನ್ನು ಏರಿಸುವುದಲ್ಲದೆ ಮೂತ್ರಪಿಂಡದತ್ತ ಹೋಗುವ ರಕ್ತವನ್ನೂ ಕುಗ್ಗಿಸುತ್ತವೆ. ಒಂದೊಂದಾಗಿ ಸಹ್ಯವಾದ ಈ ಮೂರೂ ಬಾಯಾರಿದ ದೇಹದಲ್ಲಿ ಒಟ್ಟುಗೂಡಿದಾಗ ಮೂತ್ರಪಿಂಡವು ಕೆಲವೇ ದಿನಗಳಲ್ಲಿ ಸೋತುಬಿಡಬಹುದು. ವಾಂತಿಭೇದಿ ಹಿಡಿದರಂತೂ ಗುಳಿಗೆಯನ್ನು ಮುಂದುವರಿಸಬೇಕೆ, ತಾತ್ಕಾಲಿಕವಾಗಿ ತಡೆಯಬೇಕೆ ಎಂಬುದನ್ನು ಅಂದೇ ವೈದ್ಯರಲ್ಲಿ ಕೇಳತಕ್ಕದ್ದು.

ಹಾಗಾದರೆ ಯಾತ್ರೆ ಮುಗಿಯುವವರೆಗೆ ಗುಳಿಗೆಯನ್ನೇ ಬಿಟ್ಟುಬಿಡೋಣವೆಂದು ಕೆಲವರು ನಿಶ್ಚಯಿಸುತ್ತಾರೆ. ಇದು ಮೊದಲಿನದಕ್ಕಿಂತ ದೊಡ್ಡ ಪ್ರಮಾದ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳನ್ನು ಹಠಾತ್ತನೆ ನಿಲ್ಲಿಸಿದರೆ ಹೃದ್ರೋಗಿಗೆ ಎದೆನೋವು ಮರುಕಳಿಸಬಹುದು. ಕ್ಲೋನಿಡಿನನ್ನು ನಿಲ್ಲಿಸಿದರೆ ಒತ್ತಡವು ಮೊದಲಿದ್ದುದಕ್ಕಿಂತಲೂ ಮೇಲಕ್ಕೆ ಚಿಮ್ಮಬಹುದು. ಹೊರಡುವುದಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು, ಅಗತ್ಯವಿದ್ದರೆ ಪ್ರಮಾಣವನ್ನು ಅವರಿಂದಲೇ ಹೊಂದಿಸಿಕೊಳ್ಳುವುದು ಯುಕ್ತ. ಒಂದು ಹೊತ್ತಿನ ಗುಳಿಗೆ ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಸಮೀಪಿಸಿದ್ದರೆ ಅದೊಂದನ್ನೇ ತೆಗೆದುಕೊಳ್ಳಬೇಕು, ಎರಡನ್ನೂ ಒಟ್ಟಿಗೆ ನುಂಗಲಾಗದು.

ಏಕಾದಶಿಯ ಉಪವಾಸಕ್ಕೆ ಸೈಂಧವಲವಣ ನಡೆಯುತ್ತದೆಂದು ಸಾಬುದಾಣೆ ಖಿಚಡಿಗೆ ಅದನ್ನು ಧಾರಾಳವಾಗಿ ಬೆರೆಸುವವರಿದ್ದಾರೆ. ಮಡಿಯ ಮಾತು ಬೇರೆ, ರಕ್ತದೊತ್ತಡದ ಮಾತು ಬೇರೆ: ಸೈಂಧವವೂ ಬಹುಭಾಗ ಸೋಡಿಯಂ ಕ್ಲೋರೈಡೇ. ಸೋಡಿಯಂ ಕಡಿಮೆಯೆಂದು ಅಂಗಡಿಯಲ್ಲಿ ಸಿಗುವ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆತಿರುತ್ತದೆ; ಹಲವರಿಗೆ ಅದು ಹಿತಕರವೇ, ಆದರೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ಗಳನ್ನು ಸೇವಿಸುವವರು, ವಿಶೇಷತಃ ಮೂತ್ರಪಿಂಡ ದುರ್ಬಲವಾಗಿರುವವರು, ಕೇಳದೆ ಅದನ್ನು ಬಳಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಲಯವೇ ತಪ್ಪಬಹುದು.

ನಮ್ಮ ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಹೆಸರಿನಲ್ಲಿ ಸಂಗೀತೋತ್ಸವ ನಡೆಸುವ ಈ ಪುಣೆಯಲ್ಲಿ, ಅಭಂಗ ಹಾಡಿ ಗಂಟಲೊಡೆದವರಿಗೆ ಜ್ಯೇಷ್ಠಮಧುವಿನ ಕಡ್ಡಿಯನ್ನು ಅಗಿಯಲು ಹೇಳುವವರಿಗೇನೂ ಕೊರತೆಯಿಲ್ಲ. ಎಂದಾದರೊಮ್ಮೆ ಅಗಿದರೆ ಬಾಧಕವಿಲ್ಲವಾದರೂ, ದಿನಂಪ್ರತಿ ಅಗಿದಲ್ಲಿ ಅದು ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಕಳೆದು, ಒತ್ತಡವನ್ನು ಏರಿಸುತ್ತದೆ. ಬೇರುನಾರುಗಳು ನಿರ್ದೋಷಿಗಳೆಂದು ನಂಬುವವರು ಸರ್ಪಗಂಧದ ವೃತ್ತಾಂತವನ್ನು ಅರಿಯಬೇಕು. ಮುಂಬಯಿಯ ವೈದ್ಯ ರುಸ್ತಮ್ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಈ ಬೇರಿನ ಗುಣವನ್ನು ಸಪ್ರಮಾಣವಾಗಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಅದರತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಒತ್ತಡವೇನೋ ಇಳಿಯಿತು, ಆದರೆ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ ಕೆಲವರನ್ನು ಗಾಢವಾದ ವಿಷಣ್ಣತೆ ಕವಿಯಿತು. ಇಂದಿಗೂ ಸರ್ಪಗಂಧದ ವಟಿಗಳು ಮಾರಾಟದಲ್ಲಿವೆ. ವೈದ್ಯರಿಗೆ ತಿಳಿಸದೆ ಅವನ್ನು ಬಿ.ಪಿ. ಗುಳಿಗೆಯೊಡನೆ ಸೇವಿಸಿದರೆ ಒತ್ತಡವು ಅತಿಯಾಗಿ ಕುಸಿದೀತು.

ಪಾಲಖಿಯ ದಾರಿಯುದ್ದಕ್ಕೂ ಸರ್ಕಾರದ ಆರೋಗ್ಯಕೇಂದ್ರಗಳಿರುತ್ತವೆ. ಅಲ್ಲಿ ಕನ್ನಡದ ಅಜ್ಜನೊಬ್ಬನು ಮರಾಠಿಯ ವೈದ್ಯರಿಗೆ ತೋರಿಸಬಹುದಾದದ್ದು ಜೋಳಿಗೆಯಲ್ಲಿರುವ ಆ ಗುಳಿಗೆಯ ಶೀಟೊಂದೇ. ಅಂಗಡಿಯವನು ಹತ್ತರ ಶೀಟಿನಲ್ಲಿ ಕತ್ತರಿಯಿಂದ ನಾಲ್ಕನ್ನು ಕತ್ತರಿಸಿಕೊಟ್ಟಾಗ, ಬೆನ್ನಿನ ಬೆಳ್ಳಿಹಾಳೆಯ ಮೇಲೆ ಔಷಧದ ಹೆಸರಿನ ಬಾಲವಷ್ಟೇ ಉಳಿದು, ಎಷ್ಟು ಮಿಲಿಗ್ರಾಂ ಎಂಬುದೂ ಅವಧಿ ಮುಗಿಯುವ ತಾರೀಖೂ ಅಂಗಡಿಯಲ್ಲೇ ಉಳಿದುಬಿಡುತ್ತವೆ. ಕಂಪನಿ ಬದಲಾದಂತೆ ಹೆಸರೂ ಬದಲಾಗುವುದರಿಂದ ಆಮ್ಲೊಡಿಪಿನೆಂಬ ಒಂದೇ ಬಿ.ಪಿ. ಔಷಧವನ್ನು ಎರಡು ಹೆಸರುಗಳಲ್ಲಿ ನುಂಗುವ ಅನಾಹುತಕ್ಕೂ ಇದೇ ದಾರಿ. ಆದಕಾರಣ ಯಾತ್ರೆಗೆ ಇಡಿಯ ಶೀಟನ್ನೇ ಕೊಳ್ಳಬೇಕು, ಹೆಸರು ತಾರೀಖುಗಳಿರುವ ಕಡೆಯ ಗುಳಿಗೆಗಳನ್ನು ಕೊನೆಗೆ ಉಳಿಸಿಕೊಳ್ಳಬೇಕು, ವೈದ್ಯರ ಚೀಟಿಯ ಒಂದು ಪ್ರತಿಯನ್ನು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಶೀಟಿನ ಜೊತೆಗೇ ಇಡಬೇಕು.